ಮುಂಗಡ ಸಾಕ್ಷಿ

ಹೋದ ಭಾನುವಾರ ನನ್ನ ಗಂಡ ಪ್ರಭಾಕರ ಇಡೀ ಚರ್ಚಿನ ಮುಂದೆ ಎದ್ದು ನಿಂತು, ತಮ್ಮ ಹೃದಯವನ್ನು ದೇವರು ಪೂರ್ತಿ ವಾಸಿ ಮಾಡಿದ್ದಾನೆ ಅಂತ ಹೇಳಿದರು.

ಮಾಡಿರಲಿಲ್ಲ.

ಅದಕ್ಕೆ ಮುಂಚಿನ ಗುರುವಾರವಷ್ಟೇ ಪುಣೆಯ ಹಡಪಸರದ ಆಸ್ಪತ್ರೆಯೊಂದರಲ್ಲಿ ಆಂಜಿಯೋಗ್ರಫಿ ಆಗಿತ್ತು. ಪರದೆಯ ಮೇಲೆ ನಾನೇ ಕಣ್ಣಾರೆ ನೋಡಿದ್ದೆ. ಹೃದಯಕ್ಕೆ ರಕ್ತ ಒಯ್ಯುವ ದೊಡ್ಡ ನಾಳ ಒಂದು ಕಡೆ ಹೊಲಿಗೆ ದಾರದಷ್ಟು ತೆಳ್ಳಗಾಗಿತ್ತು. ಡಾಕ್ಟರು ಮರಾಠಿಯವರು, ಮಾತು ಕಡಿಮೆ. "ಉಶೀರ್ ಕರೂ ನಕಾ" ಅಂದರು. ತಡ ಮಾಡಬೇಡಿ. ಬೈಪಾಸ್ ಆಗಲೇಬೇಕು, ಇವತ್ತೇ ಅಡ್ಮಿಟ್ ಆಗಿ ಅಂದರು.

ಇವರು ಕೈಮುಗಿದು, ಭಾನುವಾರದ ಆರಾಧನೆ ಮುಗಿಸಿಕೊಂಡು ಸೋಮವಾರ ಬರುತ್ತೇನೆ ಅಂದರು. ಡಾಕ್ಟರಿಗೆ ಇಷ್ಟವಿರಲಿಲ್ಲ. ಮಾತ್ರೆ ಬರೆದುಕೊಟ್ಟು, ಮೆಟ್ಟಿಲು ಹತ್ತಬೇಡಿ, ಭಾರ ಎತ್ತಬೇಡಿ, ಒಂದೇ ಒಂದು ಮಾತ್ರೆ ಕೂಡ ತಪ್ಪಿಸಬೇಡಿ ಅಂತ ನನ್ನ ಮುಖ ನೋಡಿ ಹೇಳಿದರು. (ಗಂಡಸರಿಗೆ ಹೇಳಿ ಪ್ರಯೋಜನವಿಲ್ಲ ಅಂತ ಡಾಕ್ಟರಿಗೂ ಗೊತ್ತಿರುತ್ತದೆ.)

ಹಾಗೆ ಚರ್ಚಿಗೆ ಹೋದದ್ದು. ದೇವರ ಕೃಪೆ ಬೇಡಿಕೊಂಡು ಬರೋಣ, ಮರುದಿನ ಬ್ಯಾಗು ಹಿಡಿದು ಆಸ್ಪತ್ರೆಗೆ ಹೋಗೋಣ ಅಂತ ನನ್ನ ಲೆಕ್ಕ. ಇವರ ಲೆಕ್ಕ ಬೇರೆ ಇತ್ತು.

ನನ್ನ ಅಂಕಣ ಓದುವ ಬಹಳಷ್ಟು ಜನ ಚರ್ಚಿನ ಒಳಗೆ ಕಾಲಿಟ್ಟಿರಲಿಕ್ಕಿಲ್ಲ (ಮದುವೆಗೆ ಬಂದು ಊಟ ಮಾಡಿ ಹೋದವರನ್ನು ನಾನು ಎಣಿಸುತ್ತಿಲ್ಲ). ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಪುಣೆಯಲ್ಲಿ ನಮ್ಮ ಕನ್ನಡ ಸಭೆಗೆ ಸ್ವಂತ ಕಟ್ಟಡವಿಲ್ಲ. ಮರಾಠಿಯವರ ಆರಾಧನೆ ಮುಗಿದ ಮೇಲೆ ಅದೇ ಚರ್ಚು ನಮಗೆ. ಅವರು ಚಪ್ಪಲಿ ಹುಡುಕುತ್ತಾ ಹೊರಗೆ ಬರುವ ಹೊತ್ತಿಗೆ ನಾವು ಚಪ್ಪಲಿ ಬಿಟ್ಟು ಒಳಗೆ ಹೋಗುತ್ತೇವೆ. ಕಲಬುರಗಿ, ಬೀದರ, ವಿಜಯಪುರ ಕಡೆಯವರೇ ಹೆಚ್ಚು. ಹಾಡು, ಪ್ರಾರ್ಥನೆ, ಪ್ರಸಂಗ (ಅಂದರೆ ಪಾಸ್ಟರ ಉಪದೇಶ) ಎಲ್ಲ ಆಗುತ್ತದೆ. ನಡುವೆ ಸಾಕ್ಷಿಯ ಸಮಯ ಅಂತ ಒಂದಿರುತ್ತದೆ.

ಸಾಕ್ಷಿ ಅಂದರೆ ಕೋರ್ಟಿನದಲ್ಲ. ದೇವರು ತನಗೆ ಮಾಡಿದ ಉಪಕಾರವನ್ನು ಎಲ್ಲರೆದುರು ನಿಂತು ಹೇಳುವುದು. ಮಗಳಿಗೆ ಸೀಟು ಸಿಕ್ಕಿತು. ಸ್ಕೂಟರ್ ಬಸ್ಸಿನಡಿ ಹೋಯಿತು, ನನಗೆ ಗೀರೂ ಆಗಲಿಲ್ಲ. ಇಂಥವು. ಕೇಳಲು ಚೆನ್ನಾಗಿರುತ್ತದೆ. ಪರ ಊರಿನಲ್ಲಿ ಒಬ್ಬರ ಖುಷಿ ಇನ್ನೊಬ್ಬರಿಗೆ ಧೈರ್ಯ ಕೊಡುತ್ತದೆ. ನಾನೂ ಎಷ್ಟೋ ಸಲ ಕಣ್ಣೊರೆಸಿಕೊಂಡಿದ್ದೇನೆ.

ಆದರೆ ಇದರಲ್ಲೇ ಇನ್ನೊಂದು ಜಾತಿಯಿದೆ. ಮುಂಗಡ ಸಾಕ್ಷಿ. ಇನ್ನೂ ಆಗದ್ದನ್ನು ಆಗಿಹೋಯಿತು ಅಂತ ಮೊದಲೇ ಹೇಳಿಬಿಡುವುದು. ಅಷ್ಟು ಗಟ್ಟಿ ವಿಶ್ವಾಸ ತೋರಿಸಿದರೆ ದೇವರು ಕೈಬಿಡುವುದಿಲ್ಲ ಅಂತ ನಂಬಿಕೆ. ಕೆಲಸದ ಇಂಟರ್‌ವ್ಯೂಗೆ ಹೋಗುವ ಮೊದಲೇ ಕೆಲಸ ಸಿಕ್ಕಿತು ಅಂತ ಸ್ತೋತ್ರ ಹೇಳಿದವರನ್ನು ನೋಡಿದ್ದೇನೆ. ಸಿಗದಿದ್ದಾಗ ಅವರು ಎರಡು ಭಾನುವಾರ ಚರ್ಚಿಗೆ ಬರದೆ ಇದ್ದದ್ದನ್ನೂ ನೋಡಿದ್ದೇನೆ. ಅಲ್ಲಿಗೆ ಅದು ಮುಗಿಯುತ್ತದೆ, ಯಾರ ಜೀವವೂ ಹೋಗುವುದಿಲ್ಲ.

ಇವರದು ಹಾಗಲ್ಲವಲ್ಲ.

"ಕರ್ತನಿಗೆ ಸ್ತೋತ್ರ" ಅಂತ ಇವರು ಶುರು ಮಾಡಿದಾಗ, ಪ್ರಾರ್ಥನೆ ಮಾಡಿ ಅಂತ ಕೇಳಿಕೊಳ್ಳುತ್ತಾರೆ ಅಂದುಕೊಂಡೆ. "ಎದಿಯಾಗ ಬ್ಲಾಕ್ ಅದ ಅಂತ ಡಾಕ್ಟರು ಹೇಳಿದ್ರು. ಆದ್ರ ದೊಡ್ಡ ವೈದ್ಯ ನನ್ನ ಮುಟ್ಯಾನ. ಇವತ್ತಿಗಿ ನಾ ಪೂರ್ತಿ ಆರಾಮ ಆಗೀನಿ. ನನಗ ಯಾವ ಆಪರೇಷನ್ನೂ ಬೇಕಾಗಿಲ್ಲ" ಅಂದರು. ಚರ್ಚು ತುಂಬ ಆಮೆನ್. ನನ್ನ ಬಾಯಿಂದ ಮಾತ್ರ ಬರಲಿಲ್ಲ. ಮುಂದಿನ ಸಾಲಿನವರು ಹಿಂದೆ ತಿರುಗಿ ನನ್ನ ಕೈ ಹಿಡಿದು ಅಭಿನಂದಿಸಿದರು.

ಒಂದು ಮಾತು ಹೇಳಬೇಕು. ನನ್ನ ಗಂಡ ಸುಮ್ಮನೆ ಎಲ್ಲವನ್ನೂ ನಂಬುವ ಮನುಷ್ಯ ಅಲ್ಲ. ಪುಣೆ ಹತ್ತಿರದ ಚಾಕಣದಲ್ಲಿ ಕಾರಿನ ಬಿಡಿಭಾಗ ತಯಾರಿಸುವ ಕಾರ್ಖಾನೆಯಲ್ಲಿ ಕ್ವಾಲಿಟಿ ವಿಭಾಗ ನೋಡಿಕೊಳ್ಳುತ್ತಾರೆ. ಅಳತೆ ಕೂದಲೆಳೆಯಷ್ಟು ತಪ್ಪಿದರೂ ಇಡೀ ಲಾಟನ್ನು ವಾಪಸ್ ಕಳಿಸಿ ಮ್ಯಾನೇಜರ ಹತ್ತಿರ ಬೈಸಿಕೊಂಡು ಬರುವವರು. ಮಾರ್ಕೆಟ್ಟಿಗೆ ಹೋದರೆ ಬದನೆಕಾಯಿಯನ್ನು ನಾಲ್ಕು ಕಡೆ ತಿರುಗಿಸಿ ನೋಡದೆ ತರುವುದಿಲ್ಲ. ಅಂಥವರು ತಮ್ಮ ಹೃದಯವನ್ನು ಮಾತ್ರ ತಪಾಸಣೆಯಿಲ್ಲದೆ ಪಾಸ್ ಮಾಡಿಬಿಟ್ಟರು.

ಸೋಮವಾರ ಬೆಳಿಗ್ಗೆ ನಾನು ಆಸ್ಪತ್ರೆಯ ಬ್ಯಾಗು ಹಿಡಿದು ಬಾಗಿಲ ಹತ್ತಿರ ನಿಂತಿದ್ದೆ. ಇವರು ಕಾರ್ಖಾನೆಯ ಯೂನಿಫಾರ್ಮ್ ಹಾಕಿಕೊಂಡು ಹೊರಗೆ ಬಂದರು.

"ಏನ್ರೀ ಇದು?"

"ಫಸ್ಟ್ ಶಿಫ್ಟ್ ಅದ."

"ಇವತ್ತ ಅಡ್ಮಿಟ್ ಆಗೋದದ."

"ನಿನ್ನೆ ದೇವರ ಮನ್ಯಾಗ ನಿಂತು ಆರಾಮ ಆಗೀನಿ ಅಂದೀನಿ. ಇವತ್ತ ಹೋಗಿ ಎದಿ ಕೊಯ್ಸಿಕೊಂಡ್ರ ದೇವರ ಹೆಸರು ಏನಾಗಬೇಕು?"

"ದೇವರ ಹೆಸರು ನಿಮ್ಮ ಎದಿ ಮ್ಯಾಲ ನಿಂತಿಲ್ಲ" ಅಂದೆ.

ಇವರು ಕಂಪನಿ ಬಸ್ಸಿಗೆ ಹೊರಟರು. ಊಟದ ಮೇಜಿನ ಮೇಲೆ ಮಾತ್ರೆಗಳ ಚೀಟಿ ಹಾಗೇ ಬಿದ್ದಿತ್ತು. ಭಾನುವಾರ ಬೆಳಗಿನ ಮಾತ್ರೆ ತಗೊಂಡಿದ್ದರು. ರಾತ್ರಿಯದು ಮುಟ್ಟಿರಲಿಲ್ಲ.

ಇದು ನಮ್ಮವರು ಮಾಡುವ ತಪ್ಪು. ನಮ್ಮವರೇ ಮಾಡಲು ಸಾಧ್ಯವಿರುವ ತಪ್ಪು. ಸಾಕ್ಷಿ ಹೇಳಿದ ಮೇಲೆ ಮಾತ್ರೆ ತಗೊಂಡರೆ ಅನುಮಾನಪಟ್ಟ ಹಾಗೆ. ಅನುಮಾನಪಟ್ಟರೆ ಸಿಕ್ಕ ಆಶೀರ್ವಾದವೂ ಹೋಗುತ್ತದೆ. ಹಾಗಾಗಿ, ಒಮ್ಮೆ ಹೇಳಿದ ಮಾತನ್ನು ಉಳಿಸಿಕೊಳ್ಳಲು ಇಡೀ ಬದುಕನ್ನು ಅದಕ್ಕೆ ಹೊಂದಿಸುತ್ತಾ ಹೋಗಬೇಕು. ದೇವರು ಇದನ್ನೆಲ್ಲ ಕೇಳಿದ್ದನೇ ಅಂತ ಯಾರೂ ಕೇಳುವುದಿಲ್ಲ.

ಆ ದಿನ ನಾನು ಏನು ಕೆಲಸ ಮಾಡಿದೆನೋ ನೆನಪಿಲ್ಲ. ಫೋನ್ ಬಡಿದುಕೊಂಡಾಗಲೆಲ್ಲ ಕಾರ್ಖಾನೆಯದೇ ಅಂತ ಓಡಿಬಂದು ಎತ್ತುತ್ತಿದ್ದೆ. ಗ್ಯಾಸಿನವನ ಫೋನು, ಬ್ಯಾಂಕಿನ ಹುಡುಗಿಯ ಫೋನು, ಧಾರವಾಡದಲ್ಲಿ ಓದುತ್ತಿರುವ ಮಗಳ ಫೋನು. ಮಗಳಿಗೆ ನಾವು ಆಂಜಿಯೋಗ್ರಫಿಯ ವಿಷಯವನ್ನೇ ಹೇಳಿರಲಿಲ್ಲ. "ಅಪ್ಪ ಹ್ಯಾಂಗಿದಾರ?" ಅಂದಳು. ಡ್ಯೂಟಿಗೆ ಹೋಗ್ಯಾರ ಅಂದೆ. ಸುಳ್ಳೇನೂ ಅಲ್ಲ.

ಮಧ್ಯಾಹ್ನ ಆಸ್ಪತ್ರೆಯವರೂ ಫೋನ್ ಮಾಡಿದರು. ಪೇಷಂಟ್ ಎಲ್ಲಿ? ನಾನು ಡಾಕ್ಟರ ಹತ್ತಿರ ಮಾತಾಡುತ್ತೇನೆ ಅಂದೆ. ಡಾಕ್ಟರು ನಾನು ಹೇಳಿದ್ದನ್ನು ಪೂರ್ತಿ ಕೇಳಿ, ಶನಿವಾರ ಬೆಳಿಗ್ಗೆ ಇನ್ನೊಂದು ಜಾಗ ಇದೆ, ಗುರುವಾರದೊಳಗೆ ಕರೆದುಕೊಂಡು ಬನ್ನಿ, ಅದಾದ ಮೇಲೆ ನಾನು ಏನೂ ಹೇಳಲಾರೆ ಅಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಅದರಿಂದಲೇ ನನಗೆ ಹೆಚ್ಚು ಭಯವಾಯಿತು.

ಆ ಸಂಜೆ ನಾನು ಮಾತ್ರೆಗಳನ್ನು ಕುಟ್ಟಿ ಪುಡಿ ಮಾಡಿ ಶೇಂಗಾ ಚಟ್ನಿಯಲ್ಲಿ ಕಲಸಿದೆ.

ನಗಬೇಡಿ. ನಿಮ್ಮ ಮನೆಯಲ್ಲಿ ಹೀಗಾಗಿದ್ದರೆ ನೀವೂ ಅದನ್ನೇ ಮಾಡುತ್ತಿದ್ದಿರಿ. ಕುಟ್ಟಬಹುದಾ ಅಂತ ಮೆಡಿಕಲ್ ಶಾಪಿನವನನ್ನು ಕೇಳಿಕೊಂಡೇ ಮಾಡಿದ್ದು. ಖಾರ ಮುಂದು ಮಾಡಿ, ಮೇಲೆ ಎಣ್ಣೆ ಹಾಕಿ, ಇವರ ರೊಟ್ಟಿಯ ಪಕ್ಕಕ್ಕೆ ಇಟ್ಟೆ. ಮಾತಿಲ್ಲದೆ ತಿಂದರು. ಮರುದಿನ ಡಬ್ಬಿಗೂ ಅದನ್ನೇ ಕಟ್ಟಿದೆ. ಕುಟ್ಟುವಾಗ ದೇವರ ಹತ್ತಿರ ಜಗಳವಾಡುತ್ತಿದ್ದೆ. ನೀನು ಮುಟ್ಟಿದ್ದರೆ ಸರಿ, ಮುಟ್ಟದಿದ್ದರೆ ಈ ಪುಡಿಯಾದರೂ ಮುಟ್ಟಲಿ ಅಂತ.

ನಾನು ನಂಬದವಳಲ್ಲ. ಕಲಬುರಗಿಯಲ್ಲಿ ಇವರು ಕೆಲಸ ಮಾಡುತ್ತಿದ್ದ ಕಾರ್ಖಾನೆ ಮುಚ್ಚಿದಾಗ, ನಡೆಸಪ್ಪಾ ಅಂತ ಮೊಣಕಾಲೂರಿ ಅತ್ತವರು ನಾವು. ಯಾವ ದರ್ಶನವೂ ಆಗಲಿಲ್ಲ. ಕೇಳಿದ ಕಡೆಯೆಲ್ಲ ಇಲ್ಲ ಅಂದರು. ಕೊನೆಗೆ ಯಾರೋ ಚಾಕಣ ಅಂದರು, ಭಾಷೆ ಬರದ ಊರು ಅಂತ ಬೈದುಕೊಂಡೇ ಬಂದೆವು. ಬಂದು ಎಷ್ಟೋ ವರ್ಷದ ಮೇಲೆ, ಅರೆ, ದಾರಿ ಇದೇ ಆಗಿತ್ತಲ್ಲ ಅಂತ ಗೊತ್ತಾಯಿತು. ನಡೆಸುವವನು ನನಗೆ ಯಾವತ್ತೂ ಮುಂಚಿತವಾಗಿ ನಕ್ಷೆ ಕೊಟ್ಟಿಲ್ಲ. ಇವರಿಗೆ ಹೇಗೆ ಕೊಟ್ಟ?

ಮಂಗಳವಾರ ಪಾಸ್ಟರಿಗೆ ಫೋನ್ ಮಾಡಿದೆ. ನಮ್ಮ ಪಾಸ್ಟರು ಬೀದರ ಕಡೆಯವರು, ಇನ್ನೂ ಎಳೆಯ ವಯಸ್ಸು, ಒಳ್ಳೆಯ ಮನುಷ್ಯ. ಎಲ್ಲ ಹೇಳಿದೆ.

"ಸಿಸ್ಟರ್, ಅದು ಅಣ್ಣನ ವಿಶ್ವಾಸದ ಮಾತದ. ಬ್ಯಾಡ ಅನ್ಲಿಕ್ಕಿ ನಾ ಯಾರು? ನಾ ಪ್ರಾರ್ಥನಿ ಮಾಡ್ತೀನಿ."

"ಪ್ರಾರ್ಥನಿ ಮಾಡ್ರಿ. ಸಂಗಾಟ ಅವರಿಗಿ ಒಂದು ಫೋನೂ ಮಾಡ್ರಿ."

ಪಾಪ, ಮಾಡಿದರು. ಇವರು ಸ್ಪೀಕರ್ ಹಾಕಿ, "ಅನುಮಾನ ಪಡು ಅಂತ ಹೇಳ್ಲಾಕತ್ತಿರೇನು ಪಾಸ್ಟರ್?" ಅಂತ ಕೇಳಿದರು. ಆ ಕಡೆಯಿಂದ ಪಾಸ್ಟರು, ಹಾಗಲ್ಲಣ್ಣ, ಅಂದರು. ಹೇಗೆ ಅಂತ ಹೇಳಲಿಲ್ಲ. ಅಷ್ಟೊತ್ತಿಗೆ ಅವರೇ ಚರ್ಚಿನ ವಾಟ್ಸ್ಯಾಪ್ ಗ್ರೂಪಿಗೆ ಇವರ ಸಾಕ್ಷಿಯನ್ನು ಹಾಕಿಯಾಗಿತ್ತು. ಸೋಲಾಪುರದ ಕನ್ನಡ ಸಭೆಯವರು, ಬ್ರದರ್ ನಮ್ಮಲ್ಲಿಗೂ ಬಂದು ಸಾಕ್ಷಿ ಹೇಳಬೇಕು ಅಂತ ಕರೆದಿದ್ದರು. ಗ್ರೂಪಿನ ತುಂಬ ಮುಗಿದ ಕೈಗಳು.

ಬುಧವಾರ ಸಂಜೆ ನಮ್ಮ ಸೊಸೈಟಿಯ ಲಿಫ್ಟ್ ಕೆಟ್ಟಿತ್ತು. ನಮ್ಮದು ನಾಲ್ಕನೇ ಮಹಡಿ. ಇವರ ಬಸ್ಸಿನ ಹೊತ್ತಾಯಿತು ಅಂತ ನಾನು ಫೋನ್ ಮಾಡಿ, ಕೆಳಗೇ ಕೂತಿರಿ, ನಾನು ಬರುತ್ತೇನೆ ಅನ್ನಬೇಕು ಅಂದುಕೊಂಡೆ. ಇವರು ಫೋನ್ ಎತ್ತಲಿಲ್ಲ. ಬಾಗಿಲು ತೆಗೆದೆ. ಮೆಟ್ಟಿಲ ಮೇಲೆ ಬೂಟಿನ ಸದ್ದು ಕೇಳುತ್ತಿತ್ತು. ಇವರ ನಡಿಗೆಯೇ. ಹತ್ತುತ್ತಾ ಬಂದು, ಒಂದು ಕಡೆ ನಿಂತಿತು.

ಕಾದೆ. ಮತ್ತೆ ಶುರುವಾಗಲಿಲ್ಲ.

ಓಡಿದೆ. ಎರಡನೇ ಮಹಡಿಯ ತಿರುವಿನಲ್ಲಿ ಗೋಡೆಗೆ ಒರಗಿ ಕೂತಿದ್ದರು. ಮುಖ ಬೂದಿಯ ಬಣ್ಣ. ಅಂಗಿ ನೆನೆದು ಮೈಗೆ ಅಂಟಿತ್ತು. ಒಂದು ಕೈ ದವಡೆಯ ಮೇಲಿತ್ತು. ಎದೆ ಮಾತ್ರ ಅಲ್ಲ, ದವಡೆಯೂ ನೋಯುತ್ತದೆ, ಆಗ ಈ ಮಾತ್ರೆ ನಾಲಿಗೆಯ ಕೆಳಗಿಡಿ ಅಂತ ಡಾಕ್ಟರು ಹೇಳಿದ್ದರು. ಆ ಮಾತ್ರೆಯನ್ನು ನಾನು ಗುರುವಾರದಿಂದ ಸೆರಗಿನ ತುದಿಗೆ ಗಂಟು ಹಾಕಿಕೊಂಡೇ ತಿರುಗುತ್ತಿದ್ದೆ. ಬಿಚ್ಚಿ ಬಾಯಿಗೆ ಹಿಡಿದೆ.

ತುಟಿ ಬಿಗಿದುಕೊಂಡರು.

"ಬಾಯಿ ತಗೀರಿ."

ತಲೆ ಅಲ್ಲಾಡಿಸಿದರು. ಆಂಬ್ಯುಲೆನ್ಸ್ ಕರೆಯುತ್ತೇನೆ ಅಂತ ಫೋನ್ ತೆಗೆದರೆ ನನ್ನ ಮಣಿಕಟ್ಟು ಹಿಡಿದರು. ಅಷ್ಟು ನೋವಿನಲ್ಲೂ ಎಂಥ ಹಿಡಿತ. "ಗ್ಯಾಸ್ ಅದ" ಅಂದರು. ನಾನು ಆ ಮೆಟ್ಟಿಲ ಮೇಲೆ ಅವರ ಪಕ್ಕದಲ್ಲಿ ಕೂತು, ಮಾತ್ರೆ ಕೈಯಲ್ಲಿ ಹಿಡಿದುಕೊಂಡು, ಅವರ ಮುಖ ನೋಡುತ್ತಾ ಇದ್ದೆ. ಇಷ್ಟು ವರ್ಷ ಸಂಸಾರ ಮಾಡಿದ ಮನುಷ್ಯ ನನ್ನ ಎದುರಿಗೇ ಸಾಯುತ್ತಾನೆ, ನಾನು ಬಾಯಿ ಬಿಡಿಸಲಾರದೆ ಕೂತಿರುತ್ತೇನೆ ಅಂತ ಅನ್ನಿಸಿತು. ಅವರ ಮೇಲೆ ಬಂದಷ್ಟು ಸಿಟ್ಟು ನನಗೆ ಯಾರ ಮೇಲೂ ಬಂದಿಲ್ಲ. ಸ್ವಲ್ಪ ಹೊತ್ತಿಗೆ ನೋವು ತಾನೇ ಇಳಿಯಿತು. ಕೈ ಹಿಡಿದು, ಪ್ರತಿ ಮಹಡಿಗೂ ಕೂರಿಸಿ, ಮೇಲೆ ಕರೆದುಕೊಂಡು ಬಂದೆ.

ಡಾಕ್ಟರಿಗೆ ಫೋನ್ ಮಾಡಿದೆ. ಈಗಲೇ ಕರೆತನ್ನಿ ಅಂದರು. ಇವರು ಮಂಚ ಬಿಟ್ಟು ಏಳಲಿಲ್ಲ. ನಾಳೆ ರಜೆ ಹಾಕುತ್ತೇನೆ, ಅಷ್ಟು ಮಾತ್ರ, ಅಂದರು.

ಆಮೇಲೆ ಒಂದು ವಿಡಿಯೋ ಹಾಕಿಕೊಂಡು ನೋಡತೊಡಗಿದರು. ದಿನಾ ನೋಡುವ ವಿಡಿಯೋ ಅದು. ಸುಶೀಲಾ ಆಂಟಿಯ ಸಾಕ್ಷಿ.

ಸುಶೀಲಾ ಆಂಟಿ ನಮ್ಮ ಸಭೆಯ ಹಿರಿಯರು. ನಿವೃತ್ತ ಟೀಚರು, ಗಂಡ ತೀರಿಕೊಂಡಿದ್ದಾರೆ, ಸದಾಶಿವ ಪೇಠದ ಹಳೇ ವಾಡೆಯೊಂದರಲ್ಲಿ (ತೊಟ್ಟಿಮನೆ ಅನ್ನಿ) ಒಬ್ಬರೇ ಇರುತ್ತಾರೆ. ಹೋದ ವರ್ಷ ಅವರು ಎದ್ದು ನಿಂತು, ನನ್ನ ಸಕ್ಕರೆ ಕಾಯಿಲೆ ಹೋಯಿತು, ಔಷಧಿಯನ್ನೆಲ್ಲ ಎಸೆದೆ ಅಂತ ಹೇಳಿದ್ದರು. ಮಾತು ಬಲ್ಲ ಹೆಂಗಸು, ಕೇಳಿದವರಿಗೆ ಮೈ ಜುಮ್ಮೆನ್ನುತ್ತಿತ್ತು. ಅವತ್ತಿನಿಂದ ಯಾರಿಗೆ ಕಾಯಿಲೆಯಾದರೂ ಆ ವಿಡಿಯೋ ಕಳಿಸುವುದು ನಮ್ಮಲ್ಲಿ ರೂಢಿ. ಇವರಿಗೂ ಯಾರೋ ಕಳಿಸಿದ್ದರು.

ಗುರುವಾರ ಬೆಳಿಗ್ಗೆ ಪಕ್ಕದ ಮನೆಯ ಮರಾಠಿ ಚಿಕ್ಕಮ್ಮ, ಕಾಕೂಗೆ, ಇವರ ಹತ್ತಿರ ಕೂರಲು ಹೇಳಿ ರಿಕ್ಷಾ ಹತ್ತಿದೆ. ನನ್ನ ಯೋಚನೆ ಇಷ್ಟೇ. ಬೇರೆ ಯಾರ ಮಾತೂ ಇವರಿಗೆ ನಾಟುವುದಿಲ್ಲ. ಆಂಟಿ ಹೇಳಿದರೆ ಕೇಳಬಹುದು. ನಿನ್ನ ವಿಷಯ ಬೇರೆ, ನನ್ನ ವಿಷಯ ಬೇರೆ, ಹೋಗಿ ಆಪರೇಷನ್ ಮಾಡಿಸಿಕೋ ಅಂತ ಒಂದು ಮಾತು ಅವರ ಬಾಯಿಂದ ಬರಲಿ.

ಹಡಪಸರದಿಂದ ಹೊರಟ ರಿಕ್ಷಾ ಹೆಜ್ಜೆಗೊಂದು ಸಿಗ್ನಲ್‌ಗೆ ನಿಂತಿತು. ಪ್ರತಿ ಸಿಗ್ನಲ್‌ನಲ್ಲೂ ಕಾಕೂಗೆ ಫೋನ್ ಮಾಡಿದೆ. "ಝೋಪಲೇತ್" ಅಂದರು, ಮಲಗಿದ್ದಾರೆ. ಉಸಿರಾಡ್ತಿದ್ದಾರಾ ನೋಡಿ ಅಂದೆ. ನಾಲ್ಕನೇ ಸಲ ಕಾಕೂ ಬೈದರು.

ಆಂಟಿ ಬಾಗಿಲು ತೆಗೆದು, ನನ್ನ ಮುಖ ನೋಡಿ, ಮೊದಲು ನೀರು ಕೊಟ್ಟರು. ಹೇಳಿದೆ. ಕೇಳುತ್ತಾ ಕೇಳುತ್ತಾ ಅವರ ಮುಖ ಇಳಿಯುತ್ತಾ ಹೋಯಿತು. ಆದರೂ ಬಾಯಲ್ಲಿ ಬಂದದ್ದು ಹಳೆಯ ಮಾತೇ. "ಹೆದರಬ್ಯಾಡವ್ವ. ನಂಬಿದವರನ್ನ ಅವ ಬಿಡಂಗಿಲ್ಲ."

ಅಲ್ಲಿಗೆ ನನ್ನ ತಾಳ್ಮೆ ಮುಗಿಯಿತು. "ನಿಮ್ಮ ವಿಡಿಯೋ ನೋಡಿ ನೋಡಿ ನನ್ನ ಗಂಡ ಸಾಯ್ಲಾಕತ್ತಾನ ಆಂಟಿ" ಅಂದೆ. "ನಿಮಗ ಆರಾಮಾಗ್ಯದ, ಛಲೋ ಆತು. ಅವರಿಗಿ ಆಗಿಲ್ಲ. ಅವರಿಗಿ ಬಂದು ಹೇಳ್ರಿ."

ಆಂಟಿ ಎದ್ದು ಹೋಗಿ ಫ್ರಿಜ್ಜಿನ ಬಾಗಿಲು ತೆರೆದು, ಕರಿಬೇವಿನ ಡಬ್ಬಿ ತಂದು ನನ್ನ ಮುಂದಿಟ್ಟರು. ಮೇಲಿನ ಎಸಳುಗಳನ್ನು ಸರಿಸಿದರು. ಕೆಳಗೆ ಇನ್ಸುಲಿನ್ ಪೆನ್ನು, ಸೂಜಿಗಳು.

"ಊಟಕ್ಕ ಮೊದಲು ದಿನಾ ಚುಚ್ಚಿಕೋತೀನಿ" ಅಂದರು. "ಆವಾಗ ಖರೇನೇ ಕಡಿಮಿ ಆಗಿತ್ತವ್ವ. ನಾ ಸುಳ್ಳು ಹೇಳಿಲ್ಲ. ಮೂರು ತಿಂಗಳಿಗಿ ತಿರುಗಿ ಬಂತು, ಮೊದಲಿಗಿಂತ ಭಾಳ. ಬಂತು ಅಂತ ಎದ್ದು ನಿಂತು ಹೇಳಬೇಕಂತ ಎಷ್ಟು ಭಾನುವಾರ ಮಾಡೀನಿ. ವಾಸಿ ಆದದ್ದು ಹೇಳ್ಲಿಕ್ಕಿ ಟೈಮ್ ಕೊಡ್ತಾರ. ತಿರುಗಿ ಬಂದದ್ದು ಹೇಳ್ಲಿಕ್ಕಿ ಯಾವ ಚರ್ಚಿನಾಗ ಟೈಮ್ ಅದ?"

ನನ್ನ ಸಿಟ್ಟು ಎಲ್ಲಿ ಹೋಯಿತೋ. ಆ ಹೆಂಗಸು ಒಂದು ವರ್ಷದಿಂದ ಮನೆಗೆ ಯಾರಾದರೂ ಬಂದರೆ ಫ್ರಿಜ್ಜಿನ ಹತ್ತಿರ ಬಿಡದೆ, ಊರೂರು ಕರೆದಾಗ ಹೋಗಿ ಹಳೆಯ ಸಾಕ್ಷಿಯನ್ನೇ ಹೇಳಿ, ವಾಪಸ್ ಬರುವಾಗ ಬಸ್ ಸ್ಟ್ಯಾಂಡಿನ ಬಾತ್‌ರೂಮಿನಲ್ಲಿ ಸೂಜಿ ಚುಚ್ಚಿಕೊಂಡಿದ್ದಾರೆ. ಅವರನ್ನು ಅಲ್ಲಿಗೆ ನೂಕಿದ್ದು ಯಾರು? ಆಮೆನ್ ಅಂದ ನಾವೇ ಅಲ್ಲವೇ? ಗುಣವಾದವರ ಕಥೆಗೆ ನಮಗೆ ಹಸಿವು. ಗುಣವಾಗದವರು ಎದ್ದು ನಿಂತರೆ ಎಲ್ಲಿ ನೋಡಬೇಕು ಅಂತ ನಮಗೆ ಗೊತ್ತಾಗುವುದಿಲ್ಲ. ಅವರ ಜೊತೆಗೂ ದೇವರು ನಡೆಯುತ್ತಿದ್ದಾನೆ ಅಂತ ಹೇಳಿಕೊಡುವವರು ಯಾರೂ ಇಲ್ಲ.

"ಬರ್ತೀರೇನು ಆಂಟಿ?" ಅಂತ ಕೇಳಿದೆ.

ಕರಿಬೇವಿನ ಡಬ್ಬಿಯನ್ನು ಹಾಗೇ ಚೀಲಕ್ಕೆ ಹಾಕಿಕೊಂಡರು.

ಮನೆಗೆ ಬಂದಾಗ ಮಧ್ಯಾಹ್ನದ ಊಟದ ಹೊತ್ತು. ಲಿಫ್ಟ್ ರಿಪೇರಿಯಾಗಿತ್ತು. ಆಂಟಿಯನ್ನು ನೋಡಿ ಇವರ ಮುಖ ಅರಳಿತು. ಎದ್ದು ಕೂತು, "ಬರ್ರಿ ಬರ್ರಿ, ಪ್ರಾರ್ಥನಿ ಮಾಡ್ರಿ ನನ್ನ ಸಲುವಾಗಿ" ಅಂದರು.

"ಊಟ ಹಾಕವ್ವ ಮೊದಲು, ಹಸಿವ್ಯಾಗ್ಯದ" ಅಂದರು ಆಂಟಿ ನನಗೆ.

ತಟ್ಟೆ ಹಾಕಿದೆ. ಆಂಟಿ ಇವರ ಎದುರಿನ ಕುರ್ಚಿಯಲ್ಲಿ ಕೂತು, ಚೀಲದಿಂದ ಡಬ್ಬಿ ತೆಗೆದು, ಕರಿಬೇವು ಪಕ್ಕಕ್ಕಿಟ್ಟು, ಪೆನ್ನಿಗೆ ಸೂಜಿ ಸಿಕ್ಕಿಸಿದರು. ಸೆರಗು ಸರಿಸಿ ಹೊಟ್ಟೆಯ ಪಕ್ಕದಲ್ಲಿ ಚುಚ್ಚಿಕೊಂಡರು. ಅವಸರ ಮಾಡಲಿಲ್ಲ. ಸೂಜಿ ತೆಗೆದು ಮುಚ್ಚಿ, ಇವರ ಮುಖ ನೋಡಿದರು.

ಇವರು ಸೂಜಿಯನ್ನೇ ನೋಡುತ್ತಿದ್ದರು. ನನಗೆ ಭಯ ಶುರುವಾಯಿತು. ಇದ್ದ ಒಂದು ಆಸರೆಯನ್ನೂ ಕಿತ್ತುಕೊಂಡೆನೇನೋ, ಈ ಆಘಾತಕ್ಕೇ ಎದೆ ನಿಂತರೆ ಏನು ಮಾಡಲಿ ಅಂತ.

ಕೊನೆಗೆ ಇವರು ನನ್ನ ಕಡೆ ತಿರುಗಿದರು.

"ಚಟ್ನಿ ಸೋಮವಾರದಿಂದ ಕಹಿ ಅದ" ಅಂದರು.

"ಗೊತ್ತಿತ್ತೇನು?"

"ಮೊದಲನೇ ತುತ್ತಿಗೇ ಗೊತ್ತಾತು."

"ಮತ್ತ ತಿಂದ್ರಿ?"

"ತಾಟ ಒರಸಿ ತಿಂದೀನಿ. ಡಬ್ಬಿದೂ ತಿಂದೀನಿ." ತಟ್ಟೆಯನ್ನು ಪಕ್ಕಕ್ಕೆ ಸರಿಸಿ ಹೇಳಿದರು. "ಎದಿ ಸೀಳ್ತಾರಲ್ಲ, ಅದನ್ನ ನೆನಸಿಕೊಂಡ್ರ ನನ್ನ ಕೈಕಾಲು ಹೋಗ್ತಾವ. ಅಷ್ಟು ಹೆದರಿಕಿ ಬಂದದ ಅಂತ ಯಾರ ಮುಂದ ಹೇಳ್ಲಿ? ಆರಾಮ ಆಗೀನಿ ಅನ್ನೋದು ಸಸಾರ ಅನ್ನಿಸ್ತು."

ಅವರು ಅತ್ತರು. ನಾನೂ ಅತ್ತೆ. ಆಂಟಿ ಅಳುತ್ತಲೇ ಊಟ ಮಾಡಿದರು, ಸೂಜಿ ಚುಚ್ಚಿಕೊಂಡ ಮೇಲೆ ತಡ ಮಾಡುವಂತಿಲ್ಲವಲ್ಲ.

ಭಯಕ್ಕೆ ವಿಶ್ವಾಸದ ಬಟ್ಟೆ ಹಾಕಿ ಚರ್ಚಿಗೆ ಕಳಿಸಿದ್ದೆವು, ಅಷ್ಟೇ. ನಮಗೆ ದಾರಿ ತೋರಿಸು ಅಂತ ಬೇಡುತ್ತೇವೆ. ಆದರೆ ಆಪರೇಷನ್ ಇಲ್ಲದ ದಾರಿ, ನೋವಿಲ್ಲದ ದಾರಿ, ಜನರೆದುರು ತಲೆ ತಗ್ಗದ ದಾರಿ ಅಂತ ನಾವೇ ಆರಿಸಿ, ಇದರಲ್ಲೇ ಬಾ ಅಂತ ಅವನನ್ನು ಕೈಹಿಡಿದು ಎಳೆಯುತ್ತೇವೆ. ಅವನು ಮುಂದೆ ಹೋಗುತ್ತಿದ್ದಾನೋ, ನಾವು ಹೋಗುತ್ತಿದ್ದೇವೋ? ಇವರು ಬೈಬಲಿನಲ್ಲಿ ದಾರಿ ತೋರಿಸಿದಂಥ ಬೆಂಕಿಯ ಕಂಬ ಆಕಾಶದಿಂದ ಇಳಿಯಲಿ ಅಂತ ಕಾಯುತ್ತಿದ್ದರು. ಅವನು ಸದಾಶಿವ ಪೇಠದಿಂದ ಒಂದು ಸೂಜಿ ಕಳಿಸಿದ. ನಾನಂತೂ ಹಾಗೆಂದೇ ನಂಬಿದ್ದೇನೆ. ಮರಾಠಿ ಡಾಕ್ಟರು ಮೊದಲ ದಿನ ಹೇಳಿದ ಮಾತೂ ಅವನದೇ ಆಗಿತ್ತೇನೋ. ಕನ್ನಡದಲ್ಲಿ ಬಂದಿರಲಿಲ್ಲ ಅಂತ ನಾವು ಕಿವಿಗೊಡಲಿಲ್ಲ.

ಊಟವಾದ ಮೇಲೆ ಇವರೇ, "ಬ್ಯಾಗ್ ತಗೋ, ದವಾಖಾನಿಗಿ ಹೋಗೋಣು" ಅಂದರು. ಹೊರಡುವ ಮುಂಚೆ ಆಂಟಿ ಫೋನ್ ತೆಗೆದು, ಚರ್ಚಿನ ಗ್ರೂಪಿಗೆ ಅವರ ಟೀಚರ್ ದನಿಯಲ್ಲಿ ಒಂದು ಮಾತು ಕಳಿಸಿದರು. "ನಾ ಸುಶೀಲಾ. ನನ್ನ ಸಕ್ಕರಿ ಕಾಯಿಲೆ ತಿರುಗಿ ಬಂದು ವರ್ಷ ಆತು. ದಿನಾ ಇನ್ಸುಲಿನ್ ತಗೋತೀನಿ. ಪ್ರಭಾಕರ ಆಪರೇಷನ್‌ಗೆ ಹೊಂಟಾನ. ಇಬ್ಬರ ಸಲುವಾಗೂ ಪ್ರಾರ್ಥನಿ ಮಾಡ್ರಿ."

ಸದಾ ಗಿಜಿಗುಡುವ ಗ್ರೂಪು ಗಪ್ಪಾಯಿತು. ಒಬ್ಬರು ಗ್ರೂಪನ್ನೇ ಬಿಟ್ಟುಹೋದರು. ನಾವು ಆಸ್ಪತ್ರೆ ಮುಟ್ಟುವ ಹೊತ್ತಿಗೆ ಪಾಸ್ಟರು ನನಗೊಂದು ಮೆಸೇಜ್ ಕಳಿಸಿದ್ದರು. ನಾನೂ ಬಿಪಿ ಮಾತ್ರೆ ತಗೋತೀನಿ ಸಿಸ್ಟರ್, ಯಾರಿಗೂ ಹೇಳಿಲ್ಲ, ಅಂತ.

ಇವತ್ತು ಶನಿವಾರ. ಬೆಳಿಗ್ಗೆ ಇವರನ್ನು ಒಳಗೆ ಕರೆದುಕೊಂಡು ಹೋದರು. ಮಗಳು ರಾತ್ರಿ ಬಸ್ಸಿಗೆ ಬಂದಿದ್ದಾಳೆ, ನನ್ನ ಭುಜಕ್ಕೆ ಒರಗಿ ನಿದ್ದೆ ಹೋಗಿದ್ದಾಳೆ. ಬುಧವಾರದ ಆ ನೋವಿನಲ್ಲಿ ಹೃದಯಕ್ಕೆ ಸ್ವಲ್ಪ ಪೆಟ್ಟಾಗಿದೆ, ಮೊದಲೇ ಬಂದಿದ್ದರೆ ಇಷ್ಟು ಕಷ್ಟವಿರಲಿಲ್ಲ ಅಂತ ಡಾಕ್ಟರು ಹೇಳಿದ್ದಾರೆ. ಏನೂ ಆಗುವುದಿಲ್ಲ ಅಂತ ಅವರು ಹೇಳಲಿಲ್ಲ.

ಥಿಯೇಟರಿನ ಬಾಗಿಲ ಮುಂದೆ ಸ್ಟ್ರೆಚರ್ ಒಂದು ಗಳಿಗೆ ನಿಂತಿತ್ತು.

"ಒಳಗ ಹೆಚ್ಚುಕಮ್ಮಿ ಆತಂದ್ರ?" ಅಂದರು.

"ಏನೂ ಆಗಂಗಿಲ್ಲ ಅಂತ ನಾ ಹೇಳಂಗಿಲ್ಲ. ಅವ ನಿಮ್ಮ ಸಂಗಾಟ ಒಳಗ ಬರ್ತಾನ. ಅಷ್ಟು ಗೊತ್ತದ ನನಗ."

"ನಾಳಿ ಚರ್ಚಿನಾಗ ಏನ್ ಹೇಳ್ತಿ?"

"ಆದದ್ದು ಹೇಳ್ತೀನಿ."

ತಲೆಯಾಡಿಸಿದರು. ಕಣ್ಣು ಮುಚ್ಚಿದರು. ತುಟಿ ಅಲ್ಲಾಡುತ್ತಿತ್ತು. ಬಾಗಿಲು ಮುಚ್ಚಿಕೊಂಡಿತು.

ಪತ್ರಿಕೆಯಿಂದ ಫೋನ್ ಬಂದಿತ್ತು. ಮೇಡಂ, ಎಲ್ಲ ಮುಗಿದ ಮೇಲೆ ಬರೆಯಿರಿ, ಈ ವಾರ ಬಿಟ್ಟರೂ ಪರವಾಗಿಲ್ಲ ಅಂದರು. ಬೇಡ ಅಂದೆ. ಮುಗಿದ ಮೇಲೆ ಏನು ಬರೆಯುತ್ತೇನೋ ನನಗೆ ಗೊತ್ತಿಲ್ಲ. ಇವರು ಬದುಕಿ ಬಂದರೆ ದೇವರು ದೊಡ್ಡವನು ಅಂತ ಬರೆಯುವುದು ಬಹಳ ಸುಲಭ. ಈಗ, ಏನೂ ಗೊತ್ತಿಲ್ಲದೆ ಕೂತಿರುವಾಗ, ಅವನು ನಮ್ಮನ್ನು ನಡೆಸುತ್ತಿದ್ದಾನೆ ಅಂತ ಬರೆಯಬೇಕು ಅನ್ನಿಸಿತು. ಬರೆದಿದ್ದೇನೆ.

ನಂಬಿದ್ದೇನೆ, ಆದರೂ ಆ ಬಾಗಿಲಿನಿಂದ ಕಣ್ಣು ಕೀಳಲು ಆಗುತ್ತಿಲ್ಲ. ಇದಕ್ಕೆ ಅವಿಶ್ವಾಸ ಅಂತ ಹೆಸರಿಡುವವರು, ಒಂದು ಗಂಟೆ ಬಂದು ಇಲ್ಲಿ ನನ್ನ ಪಕ್ಕದಲ್ಲಿ ಕೂರುತ್ತೀರಾ?